ಮೈನಸ್ 19 ವೋಲ್ಟ್

ಎದುರು ಮನೆ ಟೀಚರ್ ಆವತ್ತು ಸಂಜೆ ಬಟ್ಟೆ ಬ್ಯಾಗಿನಲ್ಲಿ ಒಂದು ಸ್ಟೀಲ್ ಡಬ್ಬಿ ತಂದರು. ಚಕ್ಕುಲಿ ಇರಬಹುದು ಅಂತ ಆಸೆಯಿಂದ ಮುಚ್ಚಳ ತೆಗೆದೆ. ಒಳಗೆ ಹಳೇ ಬನಿಯನ್ ಬಟ್ಟೆಯಲ್ಲಿ ಸುತ್ತಿದ ಗೇಮ್‌ಬಾಯ್ ಇತ್ತು, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್. ಬೂದು ಬಣ್ಣ ಹಳದಿಗೆ ತಿರುಗಿತ್ತು. ಬ್ಯಾಟರಿ ಮುಚ್ಚಳ ನಿಲ್ಲುತ್ತಿರಲಿಲ್ಲ, ಅದಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿದ್ದರು.

“ಇದು ನನ್ನ ತಮ್ಮಂದು ಸರ್. 93ರಲ್ಲಿ ನಮ್ಮ ಮಾವ ಮಸ್ಕತ್‌ನಿಂದ ತಂದುಕೊಟ್ಟಿದ್ದು. ಅಟ್ಟದ ಮೇಲಿತ್ತು. ಗೌರಿ ಹಬ್ಬಕ್ಕೆ ತಮ್ಮ ಬರ್ತಾನೆ, ಅಷ್ಟರಲ್ಲಿ ಆಗುತ್ತಾ?”

ಆಗುತ್ತೆ ಟೀಚರ್ ಅಂದುಬಿಟ್ಟೆ. ನನ್ನ ಚಾಳಿಯೇ ಅದು. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತು ಇಡೀ ದಿನ “ಆಗಲ್ಲ, ನಾಳೆ ಬನ್ನಿ” ಅನ್ನೋ ಮನುಷ್ಯ, ಸಂಜೆ ಸೋಲ್ಡರಿಂಗ್ ಐರನ್ ಮುಂದೆ ಕೂತರೆ ಎಲ್ಲದಕ್ಕೂ “ಆಗುತ್ತೆ” ಅಂತೀನಿ. ಹಬ್ಬಕ್ಕೆ ಐದು ವಾರ ಇತ್ತು.

ನನ್ನ ವರ್ಕ್‌ಶಾಪ್ ಅಂದರೆ ಮನೆ ಹಿಂದಿನ ವರಾಂಡ. ಒಂದು ಹಳೇ ಹೊಲಿಗೆ ಮೆಷಿನ್ ಟೇಬಲ್ಲು, ವೋಲ್ಟ್ ಅಳೆಯೋ ಒಂದು ಮೀಟರ್, ಬೇಕಾದಷ್ಟು ವೋಲ್ಟ್ ಕೊಡೋ ಒಂದು ಬೆಂಚ್ ಸಪ್ಲೈ. ಇವುಗಳ ಜೊತೆ ಚಿಕ್ಕಪ್ಪ. ಚಿಕ್ಕಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಅಸೆಂಬ್ಲಿ ಮಾಡುತ್ತಿದ್ದವರು. ಆ ಕಾರ್ಖಾನೆ ಮುಚ್ಚಿ, ಈಗ ಆ ಜಾಗ ಇಸ್ರೋ ಕೈಗೆ ಹೋಗಿದೆ. ಚಿಕ್ಕಪ್ಪನ ಹತ್ತಿರ ಉಳಿದಿರೋದು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಲೂಪ್ (ಪುಟ್ಟ ಭೂತಗನ್ನಡಿ), ನಾಲ್ಕು ಟ್ವೀಜರ್, ಮತ್ತೆ ಯಾರ ಕೆಲಸದಲ್ಲೂ ತಪ್ಪು ಹುಡುಕುವ ದೃಷ್ಟಿ. ನಾನು ಐರನ್ ಬಿಸಿಗಿಟ್ಟರೆ ಸಾಕು, ಮೇಲಿನ ಮನೆಯಿಂದ ಇಳಿದು ಬಂದು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ.

“ಏನೋ ಅದು, ಕ್ಯಾಲ್ಕುಲೇಟ್ರಾ?”

“ಗೇಮ್‌ಬಾಯ್ ಚಿಕ್ಕಪ್ಪ. ಜಪಾನಿಂದು. 1989ರಲ್ಲಿ ಬಂದಿದ್ದು.”

“ಜಪಾನಿಂದಾ? ಹಂಗಾದ್ರೆ ಕೆಟ್ಟಿರಲ್ಲ, ಯಾರೋ ಕೆಡಿಸಿರ್ತಾರೆ.”

ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತದೆ.

ಮುಂದೆ ಹೋಗುವ ಮೊದಲು ಒಂದು ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ಇಂಥದೇ ಗೇಮ್‌ಬಾಯ್ ಒಂದು ನನ್ನ ಕೈಗೆ ಬಂದಿತ್ತು. ಆಡುತ್ತಾ ಆಡುತ್ತಾ ತಾನೇ ಆಫ್ ಆಗಿ ಆನ್ ಆಗುತ್ತಿತ್ತು. ಸ್ವಲ್ಪ ಅಲ್ಲಾಡಿಸಿದರೆ ಮತ್ತೆ ಮೊದಲಿನಿಂದ ಶುರು. ವೋಲ್ಟೇಜನ್ನು ಒಂದೇ ಸಮ ಇಡುವ ರೆಗ್ಯುಲೇಟರ್ ಹೋಗಿದೆ ಅಂತ ಕೂತಲ್ಲೇ ತೀರ್ಮಾನ ಮಾಡಿದೆ. ಸಾವಿರ ಚಿಲ್ಲರೆ ಕೊಟ್ಟು ಹೊಸ ಬೋರ್ಡ್ ತರಿಸಿ, ಹಳೆಯದನ್ನು ಕಿತ್ತು, ಹೊಸದನ್ನು ಕೂರಿಸಿದೆ. ಆನ್ ಮಾಡಿದರೆ ಅದೇ ಕಥೆ. ಆಮೇಲೆ ಮೀಟರ್ ಹಿಡಿದೆ. ಸೆಲ್ಲಿನ ಹತ್ತಿರ 6.1 ವೋಲ್ಟ್. ಪವರ್ ಸ್ವಿಚ್ ದಾಟಿದ ಮೇಲೆ 3.4. ಅಲ್ಲಾಡಿಸಿದರೆ 2 ಚಿಲ್ಲರೆ! ಸ್ವಿಚ್ ಒಳಗೆ ಕಿಲುಬು ಹಿಡಿದಿತ್ತು ಅಷ್ಟೆ. ನಾಲ್ಕು ತೊಟ್ಟು ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು, ಇಪ್ಪತ್ತು ಸಲ ಆಚೆ ಈಚೆ ಆಡಿಸಿದೆ. ಸರಿಹೋಯಿತು. ಚೆನ್ನಾಗಿದ್ದ ರೆಗ್ಯುಲೇಟರ್ ಕಿತ್ತು ಹಾಕಿದ್ದೆ. ಚಿಕ್ಕಪ್ಪ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಹಾಗಾಗಿ ಈ ಸಲ ಮೊದಲು ಮೀಟರ್, ಆಮೇಲೆ ಐರನ್.

ಗೇಮ್‌ಬಾಯ್ ಬಿಚ್ಚೋದಕ್ಕೆ ಮೂರು ಕಾಲಿನ, ವೈ ಆಕಾರದ ಸ್ಕ್ರೂಡ್ರೈವರ್ ಬೇಕು. ಬಿಚ್ಚಿದ ತಕ್ಷಣ ಎರಡು ಹೋಳನ್ನು ಕೊಬ್ಬರಿ ಗಿಟುಕಿನ ಥರ ಎಳೆಯಬೇಡಿ. ಮುಂದಿನ ಹೋಳಿಗೂ ಹಿಂದಿನ ಹೋಳಿಗೂ ನಡುವೆ ತೆಳ್ಳನೆಯ ಒಂದು ರಿಬ್ಬನ್ ಕೇಬಲ್ ಇದೆ. ಮುಂದೆ ಸ್ಕ್ರೀನ್, ಬಟನ್‌ಗಳು. ಹಿಂದೆ ಸೆಲ್ಲು, ಸಿಪಿಯು, ಕಾರ್ಟ್ರಿಡ್ಜ್ ಜಾಗ. ಹಿಂದಿನ ಬೋರ್ಡಿನ ಮೇಲೇ ಇನ್ನೊಂದು ಪುಟಾಣಿ ಬೋರ್ಡು ನಿಂತಿರುತ್ತದೆ. ಪುಟ್ಟ ಟ್ರಾನ್ಸ್‌ಫಾರ್ಮರ್, ಕೆಲವು ಟ್ರಾನ್ಸಿಸ್ಟರ್, ಕೆಪಾಸಿಟರ್. ನಾವು ರೆಗ್ಯುಲೇಟರ್ ಅಂತ ಕರೆಯೋದು ಇದನ್ನೇ. ಸರಿಯಾದ ಹೆಸರು ಡಿಸಿ ಕನ್ವರ್ಟರ್.

ಅಳೆದೆ. ಸೆಲ್ಲು 6.2. ಸ್ವಿಚ್ ದಾಟಿ 6.1. ಸ್ವಿಚ್ ತಪ್ಪಿಲ್ಲ. ಕನ್ವರ್ಟರ್ ದಾಟಿದ ಮೇಲೆ 5 ಇರಬೇಕಾದ ಕಡೆ 0.2. ಇನ್ನೊಂದು ಕಾಲಿನಲ್ಲಿ ಮೈನಸ್ 19 ಇರಬೇಕು, ಅಲ್ಲಿ ಸೊನ್ನೆ. ಚಿಕ್ಕಪ್ಪ ಲೂಪ್ ಹಾಕಿಕೊಂಡು ಬಗ್ಗಿ ನೋಡಿದರು. “ಇಲ್ಲಿ ನೋಡೋ, ಈ ಮೂರು ಕಾಲಿಂದು ಬೆವರಿದೆ” ಅಂದರು. ಒಂದು ಟ್ರಾನ್ಸಿಸ್ಟರ್ ನೆತ್ತಿ ಬಿರುಕು ಬಿಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. ಈ ಸಲ ನಿಜವಾಗಿ ಸತ್ತಿದ್ದು ಕನ್ವರ್ಟರೇ.

ಮೈನಸ್ 19 ಏನು ಅಂತ ನನ್ನ ಹೆಂಡತಿ ಕೇಳಿದಳು. ಅವಳಿಗೆ ಹೇಳಿದ ಹಾಗೇ ಇಲ್ಲೂ ಹೇಳುತ್ತೇನೆ.

ನಮ್ಮೂರು ಗುಬ್ಬಿ ಕಡೆ. ಊರಿಗೊಂದು ಕೆರೆ, ಕೆರೆಗೊಬ್ಬ ನೀರಗಂಟಿ. ಮಳೆಗಾಲದಲ್ಲಿ ಕೆರೆ ಕೋಡಿ ಬೀಳುತ್ತದೆ, ಬೇಸಿಗೆಯಲ್ಲಿ ತಳ ಕಾಣುತ್ತದೆ. ಆದರೆ ಗದ್ದೆಗೆ ಹೋಗೋ ಕಾಲುವೆಯಲ್ಲಿ ನೀರು ಒಂದೇ ಸಮ ಇರಬೇಕು. ಅದಕ್ಕೇ ನೀರಗಂಟಿ ತೂಬಿನ ಹತ್ತಿರ ನಿಂತು ಒಂದಿಷ್ಟು ಎತ್ತುತ್ತಾನೆ, ಒಂದಿಷ್ಟು ಇಳಿಸುತ್ತಾನೆ. ಗೇಮ್‌ಬಾಯಲ್ಲಿ ಕೆರೆ ಅಂದರೆ ನಾಲ್ಕು ಪೆನ್ಸಿಲ್ ಸೆಲ್ಲು. ಹೊಸದಿದ್ದಾಗ 6 ವೋಲ್ಟ್ ಮೇಲೆ, ಸಾಯೋ ಹೊತ್ತಿಗೆ 4ರ ಹತ್ತಿರ. ಸಿಪಿಯುಗೆ ಮಾತ್ರ ಯಾವಾಗಲೂ 5 ಬೇಕು. ಕೆರೆ ಕಾಲುವೆಗಿಂತ ಕೆಳಗಿಳಿದ ಮೇಲೂ ಕಾಲುವೆ ತುಂಬಿರಬೇಕು, ಹೇಗೆ? ತೂಬು ಎತ್ತಿದರೆ ಆಗಲ್ಲ. ಬಿಂದಿಗೆಯಲ್ಲಿ ಮೊಗೆದು ಮೇಲಕ್ಕೆ ಸುರಿಯಬೇಕು. ಕನ್ವರ್ಟರ್ ಮಾಡೋದು ಅದನ್ನೇ. ಸೆಕೆಂಡಿಗೆ ಸಾವಿರಾರು ಸಲ ಕರೆಂಟ್ ಹಾಕಿ ತೆಗೆದು, ಟ್ರಾನ್ಸ್‌ಫಾರ್ಮರಿನ ಸುರುಳಿಯಲ್ಲಿ ತುಂಬಿಕೊಂಡು, ಆಚೆಗೆ ಸುರಿಯುತ್ತದೆ. ಒಂದು ಕೈಯಲ್ಲಿ 5 ವೋಲ್ಟ್ ಕಾಲುವೆ ತುಂಬಿಸುತ್ತದೆ, ಇನ್ನೊಂದು ಕೈಯಲ್ಲಿ ನೆಲಮಟ್ಟಕ್ಕಿಂತ 19 ವೋಲ್ಟ್ ಕೆಳಕ್ಕೆ ಬಾವಿ ತೋಡುತ್ತದೆ. ಆ ಬಾವಿ ಸ್ಕ್ರೀನಿಗೆ. ಮೇಲೆ 5, ಕೆಳಗೆ ಮೈನಸ್ 19, ನಡುವೆ 24 ವೋಲ್ಟ್ ಅಂತರ ಸಿಕ್ಕಿದರೇನೇ ಆ ಹಳೇ ಎಲ್‌ಸಿಡಿಯಲ್ಲಿ ಕಪ್ಪು ಚುಕ್ಕಿ ಮೂಡುತ್ತದೆ. ಎಡಗಡೆ ತಿರುಗಿಸೋ ಕಾಂಟ್ರಾಸ್ಟ್ ಚಕ್ರ ಇದೆಯಲ್ಲ, ಅದು ಆ ಬಾವಿಯ ಆಳವನ್ನು ಹೆಚ್ಚು ಕಮ್ಮಿ ಮಾಡುತ್ತದೆ.

“ಸರಿ, ಊಟಕ್ಕೆ ಬನ್ನಿ” ಅಂದಳು.

ಈಗ ಕೀಳುವ ಕೆಲಸ. ಐರನ್ 350 ಡಿಗ್ರಿಗೆ ಇಟ್ಟೆ. ಕಾಲುಗಳಿಗೆ ಸೋಲ್ಡರ್ ಸಲೀಸಾಗಿ ಹರಿಯಲಿ ಅಂತ ಫ್ಲಕ್ಸ್ ಸವರಿ, ಹಳೇ ಸೋಲ್ಡರ್ ಮೇಲೆ ಸ್ವಲ್ಪ ಹೊಸ ಸೋಲ್ಡರ್ ಹಾಕಿ ಕರಗಿಸಿದೆ. ಹಳೆಯದರ ಜೊತೆ ಹೊಸದು ಸೇರಿದರೆ ಬೇಗ ಬಿಟ್ಟುಕೊಳ್ಳುತ್ತದೆ, ಇದು ಪುಸ್ತಕದಲ್ಲಿ ಓದಿದ್ದಲ್ಲ, ಸುಟ್ಟುಕೊಂಡು ಕಲಿತಿದ್ದು. ವಿಕ್ ಇಟ್ಟು ಒತ್ತಿದರೆ ತಾಮ್ರದ ಜಡೆ ಸೋಲ್ಡರನ್ನು ಹೀರಿಕೊಂಡು ಬೆಳ್ಳಗಾಗುವುದು ನೋಡೋದೇ ಒಂದು ಸುಖ. ಮಿಕ್ಕ ಕಾಲುಗಳು ಬೆಣ್ಣೆ ಹಾಗೆ ಬಿಟ್ಟುಕೊಂಡವು. ಗ್ರೌಂಡ್ ಕಾಲು, ಅಂದರೆ ಸೊನ್ನೆ ವೋಲ್ಟಿನದು, ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಬೋರ್ಡಿನಲ್ಲಿ ಗ್ರೌಂಡಿಗೆ ಅಗಲವಾದ ತಾಮ್ರ ಹಾಸಿರುತ್ತಾರೆ. ನಾವು ಕೊಟ್ಟ ಶಾಖವನ್ನೆಲ್ಲ ಅದು ಕುಡಿದುಬಿಡುತ್ತದೆ. ಇಲ್ಲಿ ಸಿಟ್ಟು ಮಾಡಿಕೊಂಡು ಮೀಟಿದರೆ ಕಾಲು ಅಂಟಿರೋ ಬೋರ್ಡಿನ ತಾಮ್ರದ ಪ್ಯಾಡೇ ಎದ್ದು ಬರುತ್ತದೆ. ದಪ್ಪ ತುದಿಯ ಬಿಟ್ ಹಾಕಿ, ಬೋರ್ಡನ್ನು ಹೇರ್ ಡ್ರೈಯರಿನಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿ, ಮತ್ತೆ ಇಟ್ಟೆ. ಚಿಕ್ಕಪ್ಪ ಟ್ವೀಜರಿನಲ್ಲಿ ಮೆಲ್ಲಗೆ ಎಳೆದು ಹಿಡಿದಿದ್ದರು. “ಬಂತು” ಅಂದಾಗ ಇಬ್ಬರೂ ಉಸಿರು ಬಿಟ್ಟೆವು.

ಇಷ್ಟು ಚೆನ್ನಾಗಿ ಮಾಡಿದವನು ಮುಂದೆ ಮಾಡಿದ್ದು ಪೆದ್ದುತನ. ಭಾನುವಾರ, ಅಂಗಡಿ ಇಲ್ಲ, ಕೈ ಕಡಿಯುತ್ತಿತ್ತು. ಡಬ್ಬಿಯಲ್ಲಿ 7805 ಇತ್ತು. ರೇಡಿಯೊ, ಟಿವಿ ರಿಪೇರಿ ಮಾಡಿದ ಯಾರಿಗೂ ಇದು ಗೊತ್ತು. ಮೂರು ಕಾಲಿನ, 5 ವೋಲ್ಟ್ ಕೊಡುವ, ಟೀ ಕಾಸಿಗೆ ಸಿಗುವ ರೆಗ್ಯುಲೇಟರ್. ಇದನ್ನೇ ಹಾಕಿದರೆ? ಹಾಕಿದೆ. ಬೆಂಚ್ ಸಪ್ಲೈಯಿಂದ 7.5 ವೋಲ್ಟ್ ಕೊಟ್ಟೆ. “ಟಿಂಗ್” ಅಂತು! ಗೇಮ್‌ಬಾಯ್ ಆನ್ ಆಗುವಾಗ ಬರೋ ಆ ಸದ್ದು. ನಾನು ಕುಣಿಯೋದೊಂದು ಬಾಕಿ.

“ಸದ್ದು ಬಂತು. ಮುಖ ಎಲ್ಲೋ?” ಅಂದರು ಚಿಕ್ಕಪ್ಪ.

ಸ್ಕ್ರೀನು ಹಸಿರು ಹಸಿರಾಗಿ ಖಾಲಿ. ಕಾಂಟ್ರಾಸ್ಟ್ ಚಕ್ರ ಈ ಕೊನೆಯಿಂದ ಆ ಕೊನೆವರೆಗೆ ತಿರುಗಿಸಿದರೂ ಏನೂ ಇಲ್ಲ. ಬಾವಿ ತೋಡುವವನೇ ಇಲ್ಲದಿದ್ದರೆ ಆಳ ಎಲ್ಲಿಂದ ಬರಬೇಕು? ಹೋಗಲಿ ಅಂತ ಸೆಲ್ ಹಾಕಿ ನೋಡಿದರೆ ಆ ಟಿಂಗೂ ಇಲ್ಲ. 7805ರ ಔಟ್‌ಪುಟ್ 4.4. ಅದು ಕೆಲಸ ಮಾಡಬೇಕಾದರೆ ಒಳಗೆ ಬರೋ ವೋಲ್ಟೇಜ್ ಹೊರಗೆ ಹೋಗೋದಕ್ಕಿಂತ ಸುಮಾರು 2 ವೋಲ್ಟ್ ಜಾಸ್ತಿ ಇರಬೇಕು. ಅಂದರೆ 7 ವೋಲ್ಟ್. ನಾಲ್ಕು ಸೆಲ್ಲಿನಲ್ಲಿ ಎಂದೂ ಸಿಗಲ್ಲ. ರೀಚಾರ್ಜ್ ಸೆಲ್ ಹಾಕಿದರಂತೂ ನಾಲ್ಕು 1.2 ಸೇರಿ 4.8, ಮುಗೀತು. 7805 ತೂಬು ಇಳಿಸಬಲ್ಲ ನೀರಗಂಟಿ, ಬಿಂದಿಗೆ ಎತ್ತೋ ಜಾತಿಯಲ್ಲ. ಜಾಸ್ತಿ ಬಂದಿದ್ದನ್ನು ಸುಮ್ನೆ ಶಾಖ ಮಾಡಿ ಬಿಸಾಕುತ್ತದೆ. ಇದೆಲ್ಲ ಡಿಪ್ಲೊಮಾದಲ್ಲಿ ಓದಿದ್ದೇ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ಕೂಡ ತಗೊಂಡಿದ್ದೆ.

ಗೇಮ್‌ಬಾಯ್ ಪಾಕೆಟ್, ಕಲರ್ ಇಟ್ಟುಕೊಂಡವರಿಗೆ ಒಂದು ಮಾತು. ಅವಕ್ಕೆ ಎರಡೇ ಸೆಲ್ಲು, 3 ವೋಲ್ಟ್. ಅಲ್ಲಿ 7805 ಹೆಸರೇ ಎತ್ತಬೇಡಿ.

ಎರಡನೇ ಶನಿವಾರ ಬ್ಯಾಂಕ್ ರಜೆ. ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದೆ. 70 ಕಿಲೋಮೀಟರ್, ಅರ್ಧ ದಾರಿ ನಿಂತುಕೊಂಡೇ. ಎಸ್.ಪಿ. ರೋಡಿನಲ್ಲಿ ಏಳು ಅಂಗಡಿ ಸುತ್ತಿದೆ. 5 ವೋಲ್ಟಿಗೆ ಬೇಕಾದಷ್ಟು ಥರದ ಮಾಡ್ಯೂಲ್ ಇತ್ತು. ಇಳಿಸೋದು ಬೇರೆ, ಏರಿಸೋದು ಬೇರೆ, ಎರಡೂ ಮಾಡೋದು ಬೇರೆ. “ಮೈನಸ್ 19 ಕೊಡಿ” ಅಂದರೆ ಮಾತ್ರ ಎಲ್ಲರೂ ನನ್ನ ಮುಖ ನೋಡಿದರು. ಒಬ್ಬ ಹುಡುಗ ಪ್ಲಸ್ 19 ಕೊಟ್ಟು “ವೈರ್ ಉಲ್ಟಾ ಹಾಕ್ಕೊಳಿ ಸಾರ್” ಅಂದ. ಪ್ರತ್ಯೇಕ ಸೆಲ್ಲಿನಿಂದ ಓಡಿಸಿದರೆ ಅವನ ಮಾತು ನಿಜವೇ. ಒಂದೇ ಸೆಲ್ಲು, ಒಂದೇ ಗ್ರೌಂಡ್ ಇರೋ ಕಡೆ ಉಲ್ಟಾ ಹಾಕಿದರೆ ಹೊಗೆ ಬರುತ್ತದೆ.

ವಾಪಸ್ ಬರುವಾಗ ರೈಲಿನಲ್ಲಿ ಎಂಸಿ34063 ಅನ್ನೋ ಐಸಿಯಿಂದ ನಾನೇ ಒಂದು ಮಾಡೋಣ ಅಂತ ಟಿಕೆಟ್ ಹಿಂದೆ ಚಿತ್ರ ಬರೆದೆ. ಪ್ಲಸ್ಸನ್ನು ಮೈನಸ್ ಮಾಡೋದಕ್ಕೆ ಅದು ಆಗುತ್ತದೆ. ಆದರೆ ಕಾಯಿಲ್, ಡಯೋಡ್, ಕೆಪಾಸಿಟರ್ ಎಲ್ಲ ಸೇರಿ ಗೇಮ್‌ಬಾಯ್ ಹೊಟ್ಟೆಯಲ್ಲಿ ಹಿಡಿಸಲ್ಲ. ಅದಲ್ಲದೆ ಇಂಥ ಸರ್ಕ್ಯೂಟ್ ಸರಿಯಾಗಿ ಮಾಡದಿದ್ದರೆ ಅದರ ಕಿರುಚಾಟ ಸ್ಪೀಕರಿನಲ್ಲಿ “ಕುಂಯ್” ಅಂತ ಕೇಳುತ್ತಿರುತ್ತದೆ. ಕ್ಯಾತಸಂದ್ರ ಬರೋ ಹೊತ್ತಿಗೆ ಆ ಯೋಚನೆ ಬಿಟ್ಟೆ. ತಟ್ಟೆ ಇಡ್ಲಿ ಯೋಚನೆ ಹಿಡಿದುಕೊಂಡಿತು.

ಕೊನೆಗೆ ಆನ್‌ಲೈನಿನಲ್ಲಿ ರೆಡಿಮೇಡ್ ಕನ್ವರ್ಟರ್ ಬೋರ್ಡ್ ತರಿಸಿದೆ. ಮೂರು ವಾರ ಆಯಿತು. ಈಗ ನನಗೆ ಬುದ್ಧಿ ಬಂದಿತ್ತು, ನೇರವಾಗಿ ಗೇಮ್‌ಬಾಯ್‌ಗೆ ಹಾಕಲಿಲ್ಲ. ಹೊಸ ಬೋರ್ಡ್ ಬಂದರೆ ನೀವೂ ಹೀಗೆ ಮಾಡಿ. 5 ವೋಲ್ಟ್ ಕಾಲಿಗೂ ಗ್ರೌಂಡಿಗೂ ನಡುವೆ 47 ಓಮಿನ, 1 ವಾಟಿನ ಒಂದು ರೆಸಿಸ್ಟರ್ ಕಟ್ಟಿ. ನೂರು ಮಿಲಿ ಆಂಪ್ ಚಿಲ್ಲರೆ ಎಳೆಯುತ್ತದೆ. ಗೇಮ್‌ಬಾಯ್ ಹಿಂದೆ 6 ವೋಲ್ಟ್, 0.7 ವಾಟ್ ಅಂತ ಬರೆದಿರುತ್ತದೆ, ಲೆಕ್ಕ ಹಾಕಿದರೆ ಅದೂ ಸುಮಾರು 117 ಮಿಲಿ ಆಂಪ್. ಹಾಗಾಗಿ ಈ ರೆಸಿಸ್ಟರ್ ಒಂಥರಾ ಗೇಮ್‌ಬಾಯ್ ವೇಷದ ಬೊಂಬೆ. ಸಪ್ಲೈ ಕಡೆ ಒಂದು ಟಾರ್ಚ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಎಲ್ಲೋ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತದೆ, ಬೋರ್ಡು ಉಳಿಯುತ್ತದೆ. ಟಿವಿ ರಿಪೇರಿಯವರ ಸೀರೀಸ್ ಲ್ಯಾಂಪ್ ಇದೆಯಲ್ಲ, ಅದರ ಮರಿ. ಶಾರ್ಟ್ ಇಲ್ಲ ಅಂತ ಖಾತ್ರಿ ಆದ ಮೇಲೆ ಬಲ್ಬ್ ತೆಗೆದು ಅಳೆಯಿರಿ.

ಅಳೆದೆ. 5 ವೋಲ್ಟ್ ಕಡೆ 5.04, ಚೊಕ್ಕ. ಮೈನಸ್ ಕಡೆ ಮೈನಸ್ 7. ಮತ್ತೆ ಅಳೆದೆ. ಮೀಟರಿನ ಸೆಲ್ ಬದಲಾಯಿಸಿ ಅಳೆದೆ. ಮೈನಸ್ 7. ಮಾರಿದವರಿಗೆ ಫೋಟೊ ಕಳಿಸಿದೆ. ಬೇರೆ ಕಳಿಸುತ್ತೇವೆ, ಇನ್ನೊಂದು ಮೂರು ವಾರ ಅಂದರು. ಗೌರಿ ಹಬ್ಬಕ್ಕೆ ನಾಲ್ಕು ದಿನ. ಎದುರು ಮನೆಯಲ್ಲಿ ಆಗಲೇ ಸುಣ್ಣ ಬಣ್ಣ ನಡೆದಿತ್ತು. ಟೀಚರ್ ಕಂಡರೆ ನಾನು ಗೇಟಿನಿಂದ ಒಳಗೆ ಸರಿದುಕೊಳ್ಳುತ್ತಿದ್ದೆ.

ಆ ರಾತ್ರಿ ಚಿಕ್ಕಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿದರು. “ಆವತ್ತು ಒಳ್ಳೇದನ್ನ ಕಿತ್ತಿದ್ಯಲ್ಲ. ಎಲ್ಲಿ ಅದು?”

ಎರಡು ವರ್ಷದ ಹಿಂದಿನದು! ಸ್ವಿಚ್ ಕಿಲುಬು ಹಿಡಿದದ್ದಕ್ಕೆ ನಾನು ಗಲ್ಲಿಗೇರಿಸಿದ ಆ ನಿರಪರಾಧಿ ಕನ್ವರ್ಟರ್. ಬಿಸಾಕಿರಲಿಲ್ಲ ಅಂತ ನೆನಪು. ಆದರೆ ನನ್ನ ಡಬ್ಬಿಗಳಲ್ಲಿ ಹುಡುಕೋದು ಅಂದರೆ ರಾಗಿ ರಾಶಿಯಲ್ಲಿ ಸಾಸಿವೆ ಹುಡುಕಿದ ಹಾಗೆ. ಹನ್ನೊಂದು ಗಂಟೆವರೆಗೂ ಸುರಿದು ಸುರಿದು ನೋಡಿದೆ. ಕೊನೆಗೆ ಸಿಕ್ಕಿದ್ದು ಚಿಕ್ಕಪ್ಪನ ಹತ್ತಿರವೇ, ವಾಚಿನ ಬಿಡಿಭಾಗ ಇಡುವ ತಗಡಿನ ಡಬ್ಬಿಯಲ್ಲಿ. ಒಂದು ಚೀಟಿ ಸುತ್ತಿ, ಮೇಲೆ ತಮ್ಮ ದುಂಡು ಅಕ್ಷರದಲ್ಲಿ “ಚೆನ್ನಾಗಿದೆ” ಅಂತ ಬರೆದಿಟ್ಟಿದ್ದರು. ಕಸದ ಬುಟ್ಟಿಯಿಂದ ಎತ್ತಿಕೊಂಡಿದ್ದರಂತೆ.

ಮೂವತ್ತು ವರ್ಷ ದಾಟಿದ ಮಾಲು. ಹಾಗೇ ಹಾಕೋದು ಬೇಡ ಅಂತ ಅದರ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳನ್ನು ತೆಗೆದು, ಅದೇ ಅಳತೆಯ ಹೊಸದು ಹಾಕಿದೆ. ಒಳಗಿನ ದ್ರವ ಒಣಗಿ ಅವು ಸೊರಗಿರುತ್ತವೆ. ಮಿಕ್ಕ ಭಾಗ ಕಲ್ಲುಗುಂಡಿನ ಹಾಗಿತ್ತು. ಬೊಂಬೆ ರೆಸಿಸ್ಟರ್ ಕಟ್ಟಿ ಅಳೆದೆ. 5.02. ಮೈನಸ್ 19.1. ಸಪ್ಲೈಯನ್ನು 6ರಿಂದ ಮೆಲ್ಲಗೆ ಇಳಿಸುತ್ತಾ ಬಂದೆ. 5.5, 5, 4.5. ಆ ಕಡೆ ಕಾಲುವೆ ಅಲ್ಲಾಡಲಿಲ್ಲ.

ಬೋರ್ಡಿಗೆ ಕೂರಿಸಿ, ಐರನ್ ಕೆಳಗಿಟ್ಟು, ಸ್ವಿಚ್ಚಿಗೆ ಕೈ ಹಾಕಿದೆ. ಚಿಕ್ಕಪ್ಪ ಕೈ ಹಿಡಿದರು. “ತಡಿ.” ಲೂಪ್ ಹಾಕಿಕೊಂಡು ಒಂದೊಂದೇ ಕಾಲು ನೋಡುತ್ತಾ ಬಂದರು. ಎರಡು ಕಾಲಿನ ನಡುವೆ ಕೂದಲೆಳೆಯಷ್ಟು ಸೋಲ್ಡರ್ ಸೇತುವೆ ಕಟ್ಟಿತ್ತು. ನನ್ನ ಕಣ್ಣಿಗೆ ಏನೂ ಕಂಡಿರಲಿಲ್ಲ. ಆನ್ ಮಾಡಿದ್ದರೆ ಇದೂ ಹೋಗುತ್ತಿತ್ತು. ವಿಕ್ಕಿನಲ್ಲಿ ಒರೆಸಿ ತೆಗೆದೆ.

ಕಾರ್ಟ್ರಿಡ್ಜ್ ಇಲ್ಲದೆ ಆನ್ ಮಾಡಿದರೆ ಗೇಮ್‌ಬಾಯಲ್ಲಿ ಹೆಸರು ಬರಬೇಕಾದ ಜಾಗದಲ್ಲಿ ಒಂದು ಕಪ್ಪು ಪಟ್ಟಿ ಮೇಲಿನಿಂದ ಇಳಿದು ಬರುತ್ತದೆ. ಬಂತು. ಕಾಂಟ್ರಾಸ್ಟ್ ಚಕ್ರ ತಿರುಗಿಸಿದೆ. ಪಟ್ಟಿ ತೆಳುವಾಯಿತು, ಗಟ್ಟಿಯಾಯಿತು, ಮತ್ತೆ ತೆಳುವಾಯಿತು. ನಾನು ಐದು ನಿಮಿಷ ಸುಮ್ನೆ ಅದನ್ನೇ ತಿರುಗಿಸುತ್ತಾ ಕೂತಿದ್ದೆ. ಸ್ಕ್ರೀನಿನಲ್ಲಿ ಎರಡು ಉದ್ದ ಗೆರೆ ಮಾತ್ರ ಬರುತ್ತಿರಲಿಲ್ಲ. ಅದು ಬೇರೆ ರೋಗ, ಕೆಳಗಿನ ರಿಬ್ಬನ್ನಿಗೆ ಹದವಾಗಿ ಬಿಸಿ ತಾಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಹೋಯಿತು.

ಕೊಡೋದಕ್ಕೆ ಹೋದಾಗ ಟೀಚರ್ ಮಗ ಬಾಗಿಲ ಹಿಂದೆ ನಿಂತಿದ್ದ. ಏಳನೇ ಕ್ಲಾಸು. ಅವರಮ್ಮ ಕಾಫಿ ತರಲು ಒಳಗೆ ಹೋದ ಮೇಲೆ ಪಿಸುಗುಟ್ಟಿದ. “ಅಂಕಲ್, ನಾನು ಅದಕ್ಕೆ ವೈಫೈ ಅಡಾಪ್ಟರ್ ಚುಚ್ಚಿದ್ದೆ. ಅಮ್ಮಂಗೆ ಹೇಳ್ಬೇಡಿ.”

12 ವೋಲ್ಟಿನ ರೂಟರ್ ಅಡಾಪ್ಟರ್. ಅದರಲ್ಲಿ ಪಿನ್ನಿನ ಒಳಭಾಗ ಪ್ಲಸ್. ಗೇಮ್‌ಬಾಯ್‌ಗೆ ಬೇಕಾದ್ದು 6 ವೋಲ್ಟ್, ಒಳಭಾಗ ಮೈನಸ್. ದುಪ್ಪಟ್ಟು ವೋಲ್ಟೇಜು, ಅದೂ ತಲೆಕೆಳಗು. ಆ ಪಿನ್ ಅಲ್ಲಿಗೆ ಸರಿಯಾಗಿ ಹಿಡಿಸೋದೂ ಇಲ್ಲ, ಒತ್ತಿ ಹಿಡಿದುಕೊಂಡಿದ್ದನಂತೆ. ಪಟ್ಟು ಬಿಡದ ಹುಡುಗ, ರಿಪೇರಿ ಕೆಲಸಕ್ಕೆ ಆಗುತ್ತಾನೆ. ಮನೆಗೆ ಬಂದು ಚಿಕ್ಕಪ್ಪನಿಗೆ ಹೇಳಿದೆ. “ನಾ ಅವತ್ತೇ ಹೇಳ್ಲಿಲ್ವಾ” ಅಂದರು. ಜಾಕಿನ ತೂತಿಗೆ ಟೇಪ್ ಅಂಟಿಸಿ, ಸೆಲ್ಲಿನಲ್ಲಿ ಮಾತ್ರ ಆಡಿ ಅಂತ ಹೇಳಿ ಬಂದಿದ್ದೇನೆ.

ಟೀಚರ್ ತಮ್ಮ ಹಬ್ಬಕ್ಕೆ ಬಂದರು. ಗಣಪತಿ ಮುಂದೆ ಕೂತು ರಾತ್ರಿ ಒಂದು ಗಂಟೆವರೆಗೂ ಇಟ್ಟಿಗೆ ಜೋಡಿಸುವ ಆಟ ಆಡಿದರಂತೆ. ನನಗೆ ಒಂದು ಡಬ್ಬಿ ಕರಿಗಡುಬು ಬಂತು, ಅದರ ಕೆಳಗೆ ಇನ್ನೊಂದು ಡಬ್ಬಿ. ಅದರಲ್ಲಿ ಅವರ ಸ್ನೇಹಿತರೊಬ್ಬರ ಸೆಗಾ ಗೇಮ್‌ಗೇರ್. 1990ರದ್ದು, ಆರು ಸೆಲ್ಲು ತಿಂದು ಮೂರರಿಂದ ಐದು ಗಂಟೆ ಓಡುವ ಬಕಾಸುರ. ಇದರಲ್ಲಿ ಪವರ್ ಬೋರ್ಡೇ ಬೇರೆ ಇದೆ. 5 ವೋಲ್ಟು ಒಂದು, ಸ್ಕ್ರೀನಿಗೆ ಸುಮಾರು 34 ವೋಲ್ಟು ಇನ್ನೊಂದು. ಇದರ ಕೆಪಾಸಿಟರ್‌ಗಳು ಸೋರೋದಕ್ಕೆ ಹೆಸರುವಾಸಿ. ಸೋರಿದ ಜಾಗಕ್ಕೆ ಐರನ್ ತಾಗಿದ ಕೂಡಲೇ ಮೀನು ಹುರಿದ ವಾಸನೆ ಬರುತ್ತದೆ.

ಹೆಂಡತಿಗೆ ಮೊದಲೇ ಹೇಳಿಟ್ಟಿದ್ದೇನೆ.

“ಮಾಡ್ಕೊಳಿ. ಶನಿವಾರ ಮಾತ್ರ ಬೇಡ” ಅಂದಳು.